ಪಂಡಿತರ ಮನೆಯ ಇಪ್ಪತ್ತಮೂರು ಸೀಸೆಗಳು

ಹೋದ ತಿಂಗಳು ಜ್ವರ ಬಿಟ್ಟ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಸೊಸೆ ಔಷಧದ ಅಂಗಡಿಯಿಂದ ಒಂದು ಸೀಸೆ ದ್ರಾಕ್ಷಾರಿಷ್ಟ ತಂದು, "ಊಟಕ್ಕೆ ಮುಂಚೆ ಎರಡು ಚಮಚ ಕುಡೀರಿ ಅತ್ತೆ" ಎಂದು ಮುಚ್ಚಳ ತಿರುಗಿಸಿದಳು. ಮೊದಲು ಏಲಕ್ಕಿ, ಅದರ ಹಿಂದೆ ಹಿಪ್ಪಲಿಯ ಖಾರ, ಕೊನೆಗೆ ಹುದುಗಿದ ದ್ರಾಕ್ಷಿಯ ಆ ಗಾಢ ವಾಸನೆ, ಒಂದರ ಬೆನ್ನಿಗೊಂದು ಬಂದವು. ಚಮಚ ಬಾಯಿಗಿಟ್ಟುಕೊಂಡೆ. "ಚಕ್ಕೆ ಜಾಸ್ತಿ ಹಾಕಿದಾರೆ. ದ್ರಾಕ್ಷಿ ಸಾಲದು" ಎಂದೆ. ಸೊಸೆ ನಕ್ಕು, "ನಿಮಗೆ ಹೇಗೆ ಗೊತ್ತಾಗತ್ತೆ?" ಎಂದು ಕೇಳಿದಳು. ಮುಚ್ಚಳ ಹಾಕಿ ಸೀಸೆಯನ್ನು ಅವಳ ಕೈಗೆ ಕೊಟ್ಟೆ. ಅದನ್ನು ನನಗೆ ಕಲಿಸಿದವರ ಮಾತು ಮನೆಯಲ್ಲಿ ಎತ್ತಿ ಅರವತ್ತು ವರ್ಷದ ಮೇಲಾಗಿತ್ತು...

ನಾವು ಆಗ ಮಧುಗಿರಿಯಲ್ಲಿದ್ದೆವು. ಅಪ್ಪ ನಾನು ಮೂರು ವರ್ಷದವಳಿದ್ದಾಗಲೇ ತೀರಿಕೊಂಡಿದ್ದರು. ಅವ್ವ ಮದಲೂರಿನ ಕಡೆಯವಳು. ಎರಡು ಎಮ್ಮೆ ಕಟ್ಟಿಕೊಂಡು ನಾಲ್ಕು ಮನೆಗೆ ಹಾಲು ಹಾಕಿ ನನ್ನನ್ನು ಸಾಕಿದಳು. ಹಾಲು ಹಾಕುತ್ತಿದ್ದ ಮನೆಗಳಲ್ಲಿ ಮೊದಲನೆಯದು ಪಕ್ಕದ ಪಂಡಿತರ ಮನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿನಲ್ಲೂ ಅವರ ಹೆಸರು ಕೇಳದವರಿರಲಿಲ್ಲ. ಬೆಳಿಗ್ಗೆ ಅವರ ಜಗಲಿಯ ಮುಂದೆ ಎತ್ತಿನ ಗಾಡಿಗಳು ನಿಂತಿರುತ್ತಿದ್ದವು. ಅವರು ನಾಡಿ ಹಿಡಿದರೆ ರೋಗಿ ತಾನಾಗಿಯೇ ಮಾತು ನಿಲ್ಲಿಸುತ್ತಿದ್ದ. ಎತ್ತರದ ಆಳು, ಸಣ್ಣ ದನಿ. ಮಕ್ಕಳಿರಲಿಲ್ಲ.

ನಾನು ಮಿಡ್ಲ್ ಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಅಕ್ಷರ ದುಂಡಗಿದೆ ಎಂದು ಪಂಡಿತರು ಔಷಧದ ಸೀಸೆಗಳಿಗೆ ಚೀಟಿ ಬರೆಯಲು ಕರೆದರು. ಬರೆಯಲು ಹೋದವಳು ನಿಧಾನವಾಗಿ ಅಡುಗೆಮನೆಯ ಹಿಂದಿನ ಔಷಧದ ಕೋಣೆಗೂ ಹೋದೆ. ದ್ರಾಕ್ಷಿ ಕುದಿಸಿ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸುವುದು, ಬೆಲ್ಲ ಕರಗಿಸುವುದು, ಹುದುಗು ಬರಲು ಧಾತಕಿ ಹೂವು ಹಾಕಿ, ತುಪ್ಪ ಸವರಿದ ಮಡಕೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿದ ಬಟ್ಟೆ ಸುತ್ತಿ, ರಾಗಿಯ ಗುಡಾಣದ ಪಕ್ಕ ಹೂಳಿಡುವುದು, ಎಲ್ಲವನ್ನೂ ಕಲಿಸಿದರು. ಮಡಕೆಗೆ ಕಿವಿಯಿಟ್ಟು ಕೇಳು ಎನ್ನುತ್ತಿದ್ದರು. ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಒಳಗೆ ಸದ್ದಾಗುತ್ತಿತ್ತು. ಆ ಸದ್ದು ನಿಂತ ದಿನ ಔಷಧ ಸಿದ್ಧ.

ಒಂದು ದಿನ ಹೊಸ ಮಡಕೆ ತೆರೆದಾಗ ಪಂಡಿತರು ಚಮಚದಲ್ಲಿ ರುಚಿ ನೋಡಿ, "ಚೆನ್ನಾಗಿ ಬಂದಿದೆ, ತುಂಬಿಸು" ಎಂದರು. ಹತ್ತಿರ ನಿಂತವಳ ಮೂಗಿಗೇ ಹುಳಿ ಹೊಡೆಯುತ್ತಿತ್ತು. ಅದು ಕೆಟ್ಟು ಕಾಡಿಯಾಗಿ, ಬರೀ ಹುಳಿನೀರಾಗಿತ್ತು. ಹೇಳಲೋ ಬೇಡವೋ ಎಂದು ನಿಂತು, ಕೊನೆಗೆ ಹೇಳಿಬಿಟ್ಟೆ. ಅವರು ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಬಂದು ಮಣೆಯ ಮೇಲೆ ಕೂತರು. ಐದು ವರ್ಷದ ಹಿಂದೆ ಬಂದ ವಿಷಮಜ್ವರದಲ್ಲಿ ವಾಸನೆ, ರುಚಿ ಎರಡೂ ಹೋಗಿದ್ದವಂತೆ. ಹೆಂಡತಿಗೂ ಹೇಳಿರಲಿಲ್ಲವಂತೆ.

"ನನ್ನ ನಾಲಿಗೆ ಈಗ ಮಾತಾಡೋದಕ್ಕೆ ಮಾತ್ರ ತಾಯಿ. ಇದು ನಿನ್ನಲ್ಲೇ ಇರಲಿ" ಎಂದರು.

ನನಗೆ ಆಗ ಹತ್ತೊಂಬತ್ತು ವರ್ಷ. ಊರಿನ ದೊಡ್ಡ ಮನುಷ್ಯರೊಬ್ಬರು ತಮ್ಮ ಗುಟ್ಟನ್ನು ನನ್ನ ಕೈಗೆ ಕೊಟ್ಟಿದ್ದರು. ಅವತ್ತಿನಿಂದ ಅವರ ನಾಲಿಗೆ ನಾನಾದೆ. ಬೇಕೆಂದೇ ಹಿಪ್ಪಲಿ ಕಡಿಮೆ ಹಾಕಿದ ಕಷಾಯ, ಹಳೆಯ ಬೆಲ್ಲದ್ದು, ಹೊಸ ಬೆಲ್ಲದ್ದು, ಹೀಗೆ ಸಾಲಾಗಿ ಇಟ್ಟು ನನ್ನನ್ನು ಪರೀಕ್ಷೆ ಮಾಡುತ್ತಿದ್ದರು. ಸರಿಯಾಗಿ ಹೇಳಿದರೆ ಏನೂ ಅನ್ನುತ್ತಿರಲಿಲ್ಲ, ತಲೆ ಮಾತ್ರ ಆಡಿಸುತ್ತಿದ್ದರು. ಆ ತಲೆಯಾಡಿಸುವುದಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಅಪ್ಪನ ಮುಖ ನನಗೆ ಸರಿಯಾಗಿ ನೆನಪಿರಲಿಲ್ಲ...

ಅದು ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಲ್ಲಿದ್ದ ಕಾಲ, ಐವತ್ತರ ದಶಕದ ಕೊನೆ. ಹೆಂಡದಂಗಡಿ, ಸಾರಾಯಿ ಅಂಗಡಿಗಳು ಮುಚ್ಚಿದ್ದವು. ಆದರೆ ಅರಿಷ್ಟ, ಆಸವಗಳು ಔಷಧ. ಅವನ್ನು ಮಾರಲು ಅಡ್ಡಿಯಿರಲಿಲ್ಲ. ಹುದುಗಿದ ಔಷಧದಲ್ಲಿ ಒಂದಿಷ್ಟು ಅಮಲು ತಾನಾಗಿಯೇ ಹುಟ್ಟುತ್ತದೆ. ಅದು ಸಹಜ. ಇದನ್ನೇ ಹಿಡಿದು ಕೆಲವರು ಕಳ್ಳಬಟ್ಟಿಗೆ ಏಲಕ್ಕಿ, ಬೆಲ್ಲದ ಬಣ್ಣ ಬೆರೆಸಿ ಸೀಸೆಗೆ ತುಂಬಿ ಅರಿಷ್ಟವೆಂದು ಮಾರತೊಡಗಿದ್ದರು. ಸಂತೆಯಲ್ಲಿ ಗಂಡಸರು ಅಜೀರ್ಣವೆಂದು ಹೇಳಿ ಸೀಸೆಗಟ್ಟಲೆ ಕುಡಿದು ಮಲಗುತ್ತಿದ್ದರು.

ದೂರುಗಳು ಹೋಗಿ, ಒಬ್ಬ ಅಧಿಕಾರಿ ಪಂಡಿತರ ಮನೆಗೆ ಬಂದರು. ನಾಲ್ಕು ತಾಲ್ಲೂಕಿನಲ್ಲಿ ಸೀಸೆ ಔಷಧ ಮಾರುವ ಎಲ್ಲರಿಂದಲೂ ಮಾದರಿ ತೆಗೆದುಕೊಂಡಿದ್ದರು. ಇಪ್ಪತ್ತಮೂರು ಸೀಸೆ, ಎಲ್ಲ ಒಂದೇ ಬಗೆಯ ಕಂದು ಗಾಜಿನವು. ಮೇಲೆ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದೆಂಬ ಪಟ್ಟಿ ಒಂದು ಲಕೋಟೆಯಲ್ಲಿತ್ತು, ಅದನ್ನೂ ನಂಬಿಕೆಯಿಂದ ಪಂಡಿತರ ಬಳಿಯೇ ಬಿಟ್ಟರು. "ಎಲ್ಲವನ್ನೂ ಬೆಂಗಳೂರಿನ ಪರೀಕ್ಷೆಗೆ ಕಳಿಸೋಕಾಗಲ್ಲ ಪಂಡಿತರೇ. ತಾವು ರುಚಿ ನೋಡಿ, ಅನುಮಾನ ಇರೋದನ್ನ ಬೇರೆ ಮಾಡಿಕೊಡಿ. ಅದನ್ನ ಮಾತ್ರ ಕಳಿಸ್ತೀನಿ" ಎಂದರು ಅಧಿಕಾರಿ. ಪಂಡಿತರು ಒಪ್ಪಿಕೊಂಡರು. ಒಪ್ಪುವಾಗ ಬಾಗಿಲ ಮರೆಯಲ್ಲಿದ್ದ ನನ್ನ ಕಡೆ ಒಂದು ಸಲ ನೋಡಿದರು.

ಐದು ದಿನ ಹಿಡಿಯಿತು ಆ ಕೆಲಸ. ಚಳಿಗಾಲ. ಬೆಳಗಿನ ಹೊತ್ತು ಮಾತ್ರ, ದಿನಕ್ಕೆ ನಾಲ್ಕೋ ಐದೋ ಸೀಸೆ. ಆ ಐದು ದಿನ ನಾನು ಈರುಳ್ಳಿ, ಇಂಗು, ಎಲೆ ಅಡಿಕೆ ಮುಟ್ಟುವ ಹಾಗಿರಲಿಲ್ಲ. ಔಷಧದ ಕೋಣೆಯ ಕಿಟಕಿಯ ಬೆಳಕಿಗೆ ಕೂತು, ಬೆಳ್ಳಿಯ ಒಳಲೆಯಲ್ಲಿ ಅರ್ಧ ಚಮಚ ಹಾಕಿಕೊಂಡು ಮೊದಲು ಮೂಸಬೇಕು. ಆಮೇಲೆ ನಾಲಿಗೆಯ ತುದಿ, ಪಕ್ಕ, ಬುಡ. ನುಂಗದೆ ಉಗುಳಬೇಕು. ಒಂದು ಹಿಡಿ ಪುರಿ ಅಗಿದು, ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ ಮುಂದಿನದಕ್ಕೆ ಹೋಗಬೇಕು. ನಾನು ಹೇಳುತ್ತಿದ್ದೆ, ಪಂಡಿತರು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹೊರಗೆ ಜಗಲಿಯಲ್ಲಿ ಕೂತವರಿಗೆ, ಪಂಡಿತರು ಒಳಗೆ ರುಚಿ ನೋಡುತ್ತಿದ್ದಾರೆ ಎಂದಷ್ಟೇ ಗೊತ್ತು.

ಒಂದೇ ಔಷಧ ಇಷ್ಟು ಬಗೆಯಾಗಿರುತ್ತದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಒಂದರಲ್ಲಿ ದ್ರಾಕ್ಷಿ ನೀರಾಗಿತ್ತು. ಅದನ್ನು ಮುಚ್ಚಲು ಚಕ್ಕೆ ಸುರಿದಿದ್ದರು. ಒಂದು ಪೂರ್ತಿ ಹುಳಿ ಹಿಡಿದು ಹಲ್ಲು ಜುಮ್ಮೆನ್ನಿಸಿತು. ಒಂದು ಬರೀ ಬೆಲ್ಲದ ಪಾಕ. ಪಾಪ, ಹುದುಗೇ ಬಂದಿರಲಿಲ್ಲ. ಆರನೆಯದನ್ನು ಬಾಯಿಗಿಟ್ಟಾಗ ಕಣ್ಣು ತಾನಾಗಿಯೇ ಮುಚ್ಚಿತು. ಎರಡು ವರ್ಷವಾದರೂ ಮಾಗಿದ್ದು. ಮಣ್ಣಿನ ಮಡಕೆಯ ತಂಪು, ಒಣದ್ರಾಕ್ಷಿಯ ಸಿಹಿ, ಕೊನೆಯಲ್ಲಿ ನಾಗಕೇಸರದ ಒಗರು. ಎದೆಯ ಹತ್ತಿರ ಹೋಗಿ ಬೆಚ್ಚಗಾಯಿತು. ಅದನ್ನು ಉಗುಳಲು ಮನಸ್ಸಾಗದೆ ನುಂಗಿದೆ. ಹೊಳವನಹಳ್ಳಿಯ ಒಬ್ಬ ಮುದುಕಿ ಮಾಡಿದ್ದೆಂದು ಆಮೇಲೆ ತಿಳಿಯಿತು. "ನಮ್ಮದಕ್ಕಿಂತ ಚೆನ್ನಾಗೈತೆ ಪಂಡಿತ್ರೇ" ಎಂದೆ. ಅವರು ನಕ್ಕು ಅದನ್ನೂ ಬರೆದುಕೊಂಡರು. ಅವರ ದೊಡ್ಡತನ ಅಂಥದು. ಆಗ ನಾನು ಹಾಗೆಂದುಕೊಂಡಿದ್ದೆ.

ಒಂಬತ್ತನೆಯ ಸೀಸೆ ಬಂದಾಗ ನನಗೆ ನಗು ಬಂತು. ಅದು ಅರಿಷ್ಟವೇ ಅಲ್ಲ, ಶರಬತ್ತು. ಕಪ್ಪು ದ್ರಾಕ್ಷಿ, ಗುಲಾಬಿ, ಸೋಂಪು. ಅಮಲಿನ ಸುಳಿವೇ ಇಲ್ಲ. ಮಗುವಿಗೆ ಬೇಕಾದರೂ ಕೊಡಬಹುದು. ಇದು ಸಿರಾದ ಹಕೀಮ್ ಸಾಹೇಬರದೇ ಎಂದು ಪಟ್ಟಿ ನೋಡದೆಯೇ ಹೇಳಬಹುದಿತ್ತು. ಅವರ ಶರಬತ್ತು ಕುಡಿಯದ ಬಾಣಂತಿ ನಮ್ಮ ಕಡೆ ಇರಲಿಲ್ಲ. ಹುದುಗಿದ್ದನ್ನು ಅವರು ಮುಟ್ಟುವವರಲ್ಲ. ಸೀಸೆಯಲ್ಲಿ ಮಾರುತ್ತಾರೆಂಬ ಒಂದೇ ಕಾರಣಕ್ಕೆ ಅವರ ಮಾದರಿಯೂ ಬಂದಿತ್ತು.

ಮೂರನೆಯ ದಿನ ಹದಿನಾಲ್ಕನೆಯದನ್ನು ತೆರೆದೆ. ಮೂಗಿಗೆ ಏಲಕ್ಕಿ ಬಂತು, ಬೇಕಾದ್ದಕ್ಕಿಂತ ಹೆಚ್ಚು. ನಾಲಿಗೆಗೆ ತಾಗಿದೊಡನೆ ಉರಿ ನೆತ್ತಿಗೆ ಹತ್ತಿತು. ಹುದುಗಿ ಹುಟ್ಟಿದ ಅಮಲು ಗಂಟಲ ಕೆಳಗೆ ಕಾಯಿಸುತ್ತದೆ. ಭಟ್ಟಿ ಇಳಿಸಿ ಬೆರೆಸಿದ್ದು ಮೂಗಿಗೆ ಹೊಡೆಯುತ್ತದೆ. ಇದನ್ನು ಕಲಿಸಿದವರೂ ಪಂಡಿತರೇ. "ಇದು ಔಷ್ದಿ ಅಲ್ಲ, ಸಾರಾಯಿ. ಸುಟ್ಟ ಬೆಲ್ಲದ ಬಣ್ಣ ಹಾಕವ್ರೆ" ಎಂದೆ. ಪಂಡಿತರು ಬರೆದುಕೊಂಡರು. ಎದ್ದು ಹೋಗಿ ಲಕೋಟೆಯ ಪಟ್ಟಿ ತೆಗೆದು ನೋಡಿದರು. ತಿರುಗಿ ಬಂದು, "ಇವತ್ತಿಗೆ ಸಾಕು ತಾಯಿ. ನಿನಗೂ ದಣಿವಾಗಿದೆ" ಎಂದರು. ಅಂದಿನ ಪಾಲಿನಲ್ಲಿ ಇನ್ನೂ ಒಂದು ಸೀಸೆ ಉಳಿದಿತ್ತು. ನನಗೆ ದಣಿವಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಅವರ ಹೆಂಡತಿಯ ತಮ್ಮ ಪಾವಗಡದಿಂದ ಬಂದ. ಅಲ್ಲಿ ಅವನಿಗೆ ಬೇರು ನಾರು, ಸೀಸೆ ಔಷಧ ಮಾರುವ ಒಂದು ಗ್ರಂಧಿಗೆ ಅಂಗಡಿಯಿತ್ತು. ನನ್ನನ್ನು ನೋಡಿ, "ಏಮಮ್ಮಾ, ಬಾವನ ಶಿಷ್ಯೆ ನೀನೇನಾ? ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿ ಒಂದು ಬೊಗಸೆ ಹುರಿದ ಕಡಲೆಕಾಯಿ ಕೊಟ್ಟ. ಆಮೇಲೆ ಬಾವ ಭಾಮೈದ ಇಬ್ಬರೂ ಹಿತ್ತಲಲ್ಲಿ ಬಹಳ ಹೊತ್ತು ಮಾತಾಡಿದರು. ಪಂಡಿತರ ಹೆಂಡತಿ ಒಲೆಯ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊಗೆಗಿರಬೇಕು ಎಂದುಕೊಂಡೆ.

ಐದನೆಯ ದಿನಕ್ಕೆ ಇಪ್ಪತ್ತಮೂರೂ ಮುಗಿದವು. ಆರನೆಯ ದಿನ ಬೆಳಿಗ್ಗೆ ಪಂಡಿತರು ಕರೆದು ಎರಡು ಸೀಸೆ ಮುಂದಿಟ್ಟರು. ಎರಡಕ್ಕೂ ಚೀಟಿ ಇರಲಿಲ್ಲ. "ಪಾಕ ಸುರಿದು ಚೀಟಿ ಎದ್ದುಹೋಗಿವೆ. ಹೊಸದು ಬರೆದು ಅಂಟಿಸು. ಇದಕ್ಕೆ ಒಂಬತ್ತು, ಇದಕ್ಕೆ ಹದಿನಾಲ್ಕು" ಎಂದರು. ಮೈದಾ ಅಂಟು ಕಲಸಿಕೊಂಡು, ದುಂಡಗೆ ಬರೆದು, ಅವರು ತೋರಿಸಿದ ಹಾಗೆ ಅಂಟಿಸಿದೆ. ಮೂಲೆ ಏಳದಂತೆ ಹೆಬ್ಬೆರಳಿನಲ್ಲಿ ಒತ್ತಿದೆ. ಮೂಸಿ ನೋಡಬೇಕೆಂದು ನನಗೆ ಅನ್ನಿಸಲಿಲ್ಲ. ಯಾಕೆ ಅನ್ನಿಸಬೇಕಿತ್ತು?

ಸುಮಾರು ಒಂದು ತಿಂಗಳಾಗಿರಬೇಕು. ಅವ್ವ ಸಂತೆಯಿಂದ ಬಂದವಳು ಬುಟ್ಟಿ ಇಳಿಸುತ್ತಲೇ, "ಸಿರಾದ ಹಕೀಮ್ ಸಾಬ್ರ ಅಂಗ್ಡಿಗೆ ಬೀಗ ಜಡ್ದವ್ರಂತೆ ಕಣವ್ವಾ. ಶರಬತ್ನಾಗೆ ಸಾರಾಯಿ ಬೆರೆಸ್ತಿದ್ರಂತೆ. ಬೆಂಗ್ಳೂರ್ನಾಗೆ ಪರೀಕ್ಷೆ ಮಾಡಿ ಹೇಳವ್ರೆ. ಯಾರನ್ನ ನಂಬದು ಹೇಳು" ಎಂದಳು.

ಅವರ ಸೀಸೆಯಲ್ಲಿ ಅಮಲಿನ ಸುಳಿವೇ ಇರಲಿಲ್ಲ. ಹಾಗಾದರೆ ಬೆಂಗಳೂರಿಗೆ ಹೋದ ಒಂಬತ್ತನೆಯ ಸೀಸೆಯಲ್ಲಿ ಇದ್ದದ್ದು ಏನು? ಮೈದಾ ಅಂಟಿನ ತಣ್ಣಗಿನ ಜಿಗುಟು ಹೆಬ್ಬೆರಳಿಗೆ ಮತ್ತೆ ತಾಗಿದ ಹಾಗಾಯಿತು.

ಆದರೂ ನಾನು ಪಂಡಿತರ ಮನೆಗೆ ಹೋದದ್ದು, ಎಲ್ಲೋ ತಪ್ಪಾಗಿದೆ, ಅವರಿಗೆ ತಿಳಿಸಬೇಕು ಎಂದೇ. ಅವರು ಅರೆಯುವ ಕಲ್ಲಿನ ಮುಂದೆ ಕೂತಿದ್ದರು. "ಪಂಡಿತ್ರೇ, ಸೀಸೆ ಅದಲು ಬದಲಾಗೈತೆ. ಸಾರಾಯಿ ಇದ್ದದ್ದು ಹದಿನಾಲ್ಕರಲ್ಲಿ. ನಿಮ್ಮ ಪುಸ್ತಕದಾಗೆ ಬರ್ದಿದೀರಿ" ಎಂದೆ.

ಅವರು ಅರೆಯುವುದನ್ನು ನಿಲ್ಲಿಸಲಿಲ್ಲ. "ಪುಸ್ತಕದಲ್ಲಿ ಹಾಗಿಲ್ಲ. ನಿನಗೆ ನೆನಪು ತಪ್ಪಿದೆ. ಐದು ದಿನ ಅಷ್ಟೊಂದು ಬಗೆ ನೆಕ್ಕಿದ ನಾಲಿಗೆ, ಅದನ್ನ ನಂಬೋದಕ್ಕಾಗುತ್ತಾ?"

ನನ್ನ ನಾಲಿಗೆಯನ್ನು ನಂಬಬಾರದೆಂದು ಹೇಳಿದ ಮೊದಲನೆಯವರು ಅವರೇ. ಅವರನ್ನು ನೋಡುತ್ತ ನಿಂತೆ. ಅರೆಯುವ ಕೈ ಆಗ ನಿಂತಿತು. ದನಿ ಇನ್ನೂ ಸಣ್ಣದಾಯಿತು.

"ನೋಡು ತಾಯಿ, ಒಳಗೆ ಕೂತು ರುಚಿ ನೋಡಿದ್ದು ನೀನು ಅಂತ ಊರಿಗೆ ಗೊತ್ತಿಲ್ಲ. ಗೊತ್ತಾದರೆ, ಮದುವೆ ಗೊತ್ತಾಗಿರೋ ಹುಡುಗಿ ಐದು ದಿನ ಏನು ಕುಡೀತಾ ಕೂತಿದ್ದಳು ಅಂತ ಕೇಳ್ತಾರೆ. ನಿಮ್ಮಮ್ಮನ್ನ ನೆನೆಸಿಕೊ."

ಕೊರಟಗೆರೆಯ ಕಡೆ ನನಗೊಂದು ಗಂಡು ಗೊತ್ತಾಗಿತ್ತು. ಮಾತುಕತೆಗೆ ಮುಂದೆ ನಿಂತವರು ಪಂಡಿತರೇ. ಅವರ ಮನೆಯಿಂದ ನಮ್ಮ ಮನೆಗೆ ಇಪ್ಪತ್ತು ಹೆಜ್ಜೆ. ಅವತ್ತು ಆ ಇಪ್ಪತ್ತು ಹೆಜ್ಜೆಯನ್ನು ಹೇಗೆ ನಡೆದೆನೋ ನೆನಪಿಲ್ಲ...

ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೆದರಿದೆ. ಹೆದರಿಕೆಗಿಂತ ಹೆಚ್ಚಾಗಿ, ಅವರು ಕರೆದು "ನನ್ನಿಂದ ತಪ್ಪಾಯಿತು" ಎನ್ನಬಹುದೆಂದು ಕಾಯುತ್ತಿದ್ದೆ. ಬೆಳಿಗ್ಗೆ ಹಾಲು ಕೊಡಲು ಹೋದಾಗ ಅವರು ತಲೆಯೆತ್ತದೆ ತಂಬಿಗೆ ಒಡ್ಡುತ್ತಿದ್ದರು. ಹದಿನಾಲ್ಕು ಭಾಮೈದನದೇ ಎಂದು ಅಷ್ಟರಲ್ಲಿ ನನಗೆ ಹೊಳೆದಿತ್ತು. ಅವನನ್ನು ಉಳಿಸಬೇಕಾಗಿತ್ತು, ಅದು ನನಗೂ ಅರ್ಥವಾಗುತ್ತಿತ್ತು. ಹೆಂಡತಿಗೆ ಒಬ್ಬನೇ ತಮ್ಮ. ಹದಿನಾಲ್ಕನ್ನು ಮರೆತುಬಿಡು ತಾಯಿ ಎಂದು ಕೇಳಿದ್ದರೆ ಬಹುಶಃ ಮರೆಯುತ್ತಿದ್ದೆ, ಅಷ್ಟು ಕಟ್ಟುಬಿದ್ದಿದ್ದೆ. ಆದರೆ ಅವರು ಕೇಳಲಿಲ್ಲ. ಏನೂ ಗೊತ್ತಿಲ್ಲದ ನನ್ನ ಕೈಯಿಂದಲೇ ಇನ್ನೊಬ್ಬರ ಮನೆಗೆ ಬೆಂಕಿ ಇಡಿಸಿದರು.

ಹನ್ನೆರಡನೆಯ ದಿನ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಎಮ್ಮೆಯ ಮೈ ತೊಳೆಯುತ್ತಿದ್ದಳು. ಕೇಳಿ ಮುಗಿಸಿ, ಕೈ ಒರೆಸಿಕೊಂಡು, "ನಿನ್ ಕೈಯಾರೆ ಬರ್ದಿರದು ಸುಳ್ಳಾದ್ರೆ ನೀನೇ ಹೋಗಿ ಅಳಿಸ್ಬೇಕು ಕಣವ್ವಾ. ಮದ್ವೆ ನಿಂತ್ರೆ ನಿಲ್ಲಲಿ ಬುಡು" ಎಂದಳು. ಮರುದಿನ ಇಬ್ಬರೂ ಸಿರಾದ ಬಸ್ಸು ಹತ್ತಿದೆವು.

ಹಕೀಮ್ ಸಾಹೇಬರ ಮನೆ ಅಂಗಡಿಯ ಹಿಂದೆಯೇ ಇತ್ತು. ಅಂಗಡಿಯ ಬಾಗಿಲಿಗೆ ಅರಗಿನ ಮುದ್ರೆ. ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಬಿಳಿ ಗಡ್ಡ, ತೊಳೆದು ತೊಳೆದು ತೆಳ್ಳಗಾದ ಜುಬ್ಬ. ಅವರ ಹೆಂಡತಿ ನಮಗೆ ನೀರು ತಂದಿಟ್ಟರು. ನಾನು ಚೀಟಿಯ ಕತೆಯನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬೇಟಿ, ಅಂಗ್ಡಿ ಬೀಗ ಇವತ್ತಲ್ಲ ನಾಳೆ ತೆಗೀತಾರೆ" ಎಂದರು. "ನಮಾಜ್‌ಗೆ ಹೋದ್ರೆ ಪಕ್ದಲ್ಲಿ ನಿಂತೋರು ನನ್ನ ಮೂಸಿ ನೋಡ್ತಾರೆ. ನಲವತ್ತು ವರ್ಷದಿಂದ ಅದೇ ಸಾಲಲ್ಲಿ ನಿಂತೋನು ನಾನು. ಅದನ್ನ ಯಾರು ತೆಗೀತಾರೆ?"

ಅವ್ವ ತಲೆ ತಗ್ಗಿಸಿದಳು. ನಾವು ಹೊರಡುವಾಗ ಅವರು, "ಪಂಡಿತರು ನಂಗೆ ದೋಸ್ತ್. ಅವ್ರಿಗೆ ಜ್ವರ ಬಂದಾಗ ಎರಡು ಸಲ ನಾನೇ ಹೋಗಿ ನೋಡ್ಕೊಂಡು ಬಂದಿದ್ದೆ" ಎಂದರು. ಬಾಗಿಲವರೆಗೂ ಬಂದು ನಮ್ಮನ್ನು ಕಳಿಸಿಕೊಟ್ಟರು.

ಅಧಿಕಾರಿಯ ಕಚೇರಿ ಮಧುಗಿರಿಯಲ್ಲೇ ಇತ್ತು. ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ನಂಬಬೇಕೆಂದು ನಾನೂ ಅಂದುಕೊಂಡಿರಲಿಲ್ಲ. "ಪಂಡಿತರು ರುಚಿ ನೋಡಿರುವಾಗ ನೀನು ಯಾಕೆ ನೋಡಿದೆ?" ಎಂದು ಕೇಳಿದರು. ಪಂಡಿತರ ನಾಲಿಗೆ ಸತ್ತಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಲ್ಕು ತಾಲ್ಲೂಕಿನ ಗಾಡಿಗಳು ಮರುದಿನದಿಂದ ಅವರ ಮನೆಯ ಮುಂದೆ ನಿಲ್ಲುತ್ತಿರಲಿಲ್ಲ. ಆ ಮಾತು ನನ್ನ ಬಾಯಿಯವರೆಗೆ ಬಂದರೂ ನುಂಗಿಕೊಂಡೆ. "ಅವ್ರು ಕಲಿಸ್ತಿದ್ರು ಸಾರ್, ಅದಕ್ಕೆ ನೋಡ್ದೆ" ಎಂದೆ. ನನ್ನಲ್ಲೇ ಇರಲಿ ಎಂದಿದ್ದರಲ್ಲ...

"ಉಳಿದ ಸೀಸೆ ಇಲ್ಲೇ ಐತಲ್ಲ ಸಾರ್. ನಂಬರು ಮುಚ್ಚಿ ಕೊಡಿ" ಎಂದೆ.

ಅವರಿಗೆ ಕುತೂಹಲವಾಗಿರಬೇಕು. ಜವಾನ ಆರು ಸೀಸೆ ತಂದು, ಚೀಟಿಯ ಮೇಲೆ ಕಾಗದ ಸುತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟ. ಗುಮಾಸ್ತರೆಲ್ಲ ಬಂದು ಬಾಗಿಲಲ್ಲಿ ನಿಂತರು. ಅವ್ವ ಸೆರಗು ಬಿಗಿಯಾಗಿ ಹಿಡಿದುಕೊಂಡು ಗೋಡೆಗೊರಗಿದ್ದಳು. ಗಂಡಸರ ಮುಂದೆ ಒಂದೊಂದೇ ಸೀಸೆ ಮೂಸಿ, ನೆಕ್ಕಿ, ಉಗುಳಿ ಹೇಳುತ್ತ ಹೋದೆ. ಚಕ್ಕೆ ಸುರಿದದ್ದು, ಮೂರು. ಹುಳಿ ಹಿಡಿದದ್ದು, ಹದಿನೇಳು. ಹೊಳವನಹಳ್ಳಿಯ ಮುದುಕಿಯದು ಆರು. ಅಧಿಕಾರಿ ಕಾಗದ ಬಿಚ್ಚಿ ನೋಡುತ್ತಿದ್ದರು, ಒಂದೂ ತಪ್ಪಿರಲಿಲ್ಲ. ಐದನೆಯದನ್ನು ಮೂಸಿದೊಡನೆ ಗುಲಾಬಿ, ಸೋಂಪು.

"ಇದು ಒಂಬತ್ತು" ಎಂದೆ.

ಅವರು ಕಾಗದ ಬಿಚ್ಚಿದರು. "ಇಲ್ಲಮ್ಮ. ಹದಿನಾಲ್ಕು."

"ಚೀಟಿ ಹದಿನಾಲ್ಕು ಸಾರ್. ಒಳಗಿರೋದು ಒಂಬತ್ತು. ಚೀಟಿ ಬರ್ದೋಳು ನಾನೇ."

ಅಧಿಕಾರಿ ತಾವೇ ಆ ಸೀಸೆಯನ್ನು ಎತ್ತಿ ಮೂಸಿದರು. ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು ಕೆಳಗಿಟ್ಟರು.

ಆಮೇಲೆ ಆಗಬೇಕಾದ್ದು ನಿಧಾನವಾಗಿ ಆಯಿತು. ಹಕೀಮ್ ಸಾಹೇಬರ ಮನೆಯಿಂದ ಹೊಸದಾಗಿ ಮಾದರಿ ಹೋಯಿತು, ಅದರಲ್ಲಿ ಏನೂ ಇಲ್ಲವೆಂದು ಉತ್ತರ ಬಂತು, ಬೀಗಮುದ್ರೆ ತೆಗೆದರು. ಪಾವಗಡದ ಅಂಗಡಿಗೆ ಹೋದಾಗ ಅಲ್ಲಿ ಬರೀ ಮರದ ಹಲಗೆಗಳಿದ್ದವಂತೆ. ಭಾಮೈದ ಎಲ್ಲ ಖಾಲಿ ಮಾಡಿಕೊಂಡು ಗಡಿ ದಾಟಿ ಆಂಧ್ರದ ಕಡೆ ಹೋಗಿದ್ದ.

ಒಂದು ದಿನ ಅಧಿಕಾರಿ ನನ್ನನ್ನು ಮತ್ತೆ ಕರೆಸಿದರು. ಒಂದು ಕಾಗದ ಮುಂದಿಟ್ಟು, "ಇದನ್ನ ನೀನು ನೋಡಬೇಕು ಅನ್ನಿಸ್ತು" ಎಂದರು. ಪಂಡಿತರು ಬರೆದುಕೊಟ್ಟ ಹೇಳಿಕೆ. ಓದುವ ಮೊದಲೇ ಅಕ್ಷರ ಗುರುತು ಸಿಕ್ಕಿತು. ಚೀಟಿ ಬರೆದು ಅಂಟಿಸಿದವಳು ನೆರೆಮನೆಯ ಹುಡುಗಿಯೆಂದೂ, ಕುತೂಹಲಕ್ಕೆ ತಮಗೆ ತಿಳಿಯದಂತೆ ಔಷಧಗಳನ್ನು ಕುಡಿದು ಅವಳ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದೂ, ಸೀಸೆಗಳು ಅದಲು ಬದಲಾದದ್ದು ಆ ಸ್ಥಿತಿಯಲ್ಲೇ ಇರಬೇಕೆಂದೂ ಬರೆದಿದ್ದರು. ಒತ್ತಕ್ಷರಗಳನ್ನು ಅವರು ಬಲಕ್ಕೆ ಸ್ವಲ್ಪ ವಾಲಿಸಿ ಬರೆಯುತ್ತಿದ್ದರು. ಅವರನ್ನು ನೋಡಿ ನಾನೂ ಹಾಗೇ ಬರೆಯಲು ಕಲಿತಿದ್ದೆ.

"ನಾನು ಇದನ್ನ ನಂಬಿಲ್ಲ" ಎಂದರು ಅಧಿಕಾರಿ. ನಾನು ಕಾಗದವನ್ನು ಮಡಿಚಿ ಅವರ ಕೈಗೆ ಕೊಟ್ಟೆ. ಕಣ್ಣಲ್ಲಿ ನೀರು ಬರಲಿಲ್ಲ. ಹಕೀಮರ ಮನೆಯಲ್ಲಿ ಅಷ್ಟು ಅತ್ತಿದ್ದವಳಿಗೆ ಅಲ್ಲಿ ಒಂದು ಹನಿಯೂ ಬರಲಿಲ್ಲ.

ಅಧಿಕಾರಿ ನಂಬದಿದ್ದರೇನು, ಊರು ನಂಬಿತು. ಅಷ್ಟು ದೊಡ್ಡವರು ಸುಳ್ಳು ಹೇಳುತ್ತಾರೆಯೇ? ಕೊರಟಗೆರೆಯವರು ಬೇರೆ ಹೆಣ್ಣು ನೋಡಿದರು. ನಲ್ಲಿಯ ಹತ್ತಿರ ಹೆಂಗಸರು ನನ್ನ ಬಿಂದಿಗೆಯಿಂದ ತಮ್ಮ ಬಿಂದಿಗೆಯನ್ನು ದೂರ ಸರಿಸಿಕೊಳ್ಳುತ್ತಿದ್ದರು. ಅವ್ವ ಪಂಡಿತರ ಮನೆಗೆ ಹಾಲು ನಿಲ್ಲಿಸಿದಳು. ಸಿರಾದಲ್ಲಿ ಹಕೀಮ್ ಸಾಹೇಬರು ಅಂಗಡಿ ತೆರೆದರೂ, ಪೋಲಿ ಹುಡುಗರು ಬಂದು, "ಸಾಬ್ರೇ, ಆ ಸೀಸೆ ಐತಾ?" ಎಂದು ಕಣ್ಣು ಮಿಟುಕಿಸಿ ಕೇಳುತ್ತಿದ್ದರಂತೆ. ಅವರು ಇದ್ದಷ್ಟು ಶರಬತ್ತನ್ನು ಒಂದು ಬೆಳಿಗ್ಗೆ ಚರಂಡಿಗೆ ಸುರಿಸಿ, ಬಾಗಿಲು ಹಾಕಿ, ಮಗಳ ಊರಿಗೆ ಹೋದರು. ಆ ಶರಬತ್ತು ಮಾಡುವುದನ್ನು ಅವರು ಬೇರೆ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಎರಡು ವರ್ಷ ನಾವು ಅದೇ ಗೋಡೆಯ ಈ ಕಡೆ, ಅವರು ಆ ಕಡೆ ಇದ್ದೆವು. ಅವರು ಔಷಧ ಅರೆಯುವ ಸದ್ದು ಕೇಳಿಸುತ್ತಿತ್ತು. ಕೆಲವು ದಿನ ಗೋಡೆಯಾಚೆಯಿಂದ ಹುಳಿ ಹಿಡಿದ ವಾಸನೆ ಬರುತ್ತಿತ್ತು. ಮಡಕೆ ಕೆಟ್ಟಿದೆ, ಅವರಿಗೆ ಗೊತ್ತಾಗಿಲ್ಲ, ಹಾಗೇ ತುಂಬಿಸುತ್ತಿದ್ದಾರೆ ಎಂದು ತಿಳಿದರೂ ನಾನು ಎದ್ದು ಹೋಗಲಿಲ್ಲ. ಕುಡಿದವರಿಗೆ ಏನಾಯಿತೋ. ಅದು ನನ್ನ ತಪ್ಪು ಎಂದು ಈಗ ಅನ್ನಿಸುತ್ತದೆ.

ಮೇಷ್ಟ್ರ ತರಬೇತಿಗೆ ತುಮಕೂರಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತರು. ನಾನು ತಿರುಗಿ ನೋಡಿದೆ. ಅವರೂ ನೋಡಿದರು. ಈಗ ಏನಾದರೂ ಹೇಳುತ್ತಾರೆ ಎಂದುಕೊಂಡೆ. ಅವರು ಕಂಡಕ್ಟರನ ಕಡೆ ತಿರುಗಿ, "ಪಾವಗಡದ ಬಸ್ಸು ಎಷ್ಟು ಹೊತ್ತಿಗಪ್ಪ?" ಎಂದು ಕೇಳಿದರು. ನನ್ನ ಬಸ್ಸು ಹೊರಟಿತು.

ಅವರು ತೀರಿಕೊಂಡ ಸುದ್ದಿ ಎಂಟೊಂಬತ್ತು ವರ್ಷದ ಮೇಲೆ ಅವ್ವ ಬರೆಸಿದ ಕಾರ್ಡಿನಲ್ಲಿ ಬಂತು. ನಾನು ಆಗ ಒಂದು ಹಳ್ಳಿಯ ಸ್ಕೂಲಿನಲ್ಲಿದ್ದೆ. ಮೂರನೇ ಕ್ಲಾಸಿನ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಕಾರ್ಡನ್ನು ಹಾಜರಿ ಪುಸ್ತಕದೊಳಗಿಟ್ಟು ಮಗ್ಗಿ ಮುಂದುವರಿಸಿದೆ. ಅದೇ ಸ್ಕೂಲಿನ ಮೇಷ್ಟ್ರೊಬ್ಬರನ್ನು ಆಮೇಲೆ ಮದುವೆಯಾದೆ. ಅವರಿಗೂ ಈ ಕತೆ ಪೂರ್ತಿಯಾಗಿ ಹೇಳಲಿಲ್ಲ. ಪಾನನಿರೋಧ ಹೋಯಿತು, ಅಂಗಡಿಗಳು ತೆರೆದವು, ಅರಿಷ್ಟದ ಸೀಸೆಗೆ ಆಸೆಪಡುವವರು ಇಲ್ಲವಾದರು. ಅಷ್ಟಕ್ಕಾಗಿ ಇಷ್ಟೆಲ್ಲ ಆಯಿತೇ ಎನ್ನಿಸುತ್ತಿತ್ತು.

ಮೊನ್ನೆ ಸೊಸೆ ಬಿಡಲಿಲ್ಲ. ರಾತ್ರಿ ಪಾತ್ರೆ ತೊಳೆದು ಬಂದು ಪಕ್ಕದಲ್ಲಿ ಕೂತು ಮತ್ತೆ ಕೇಳಿದಳು. ಎಲ್ಲ ಹೇಳಿದೆ. ಕೇಳಿ ಅವಳಿಗೆ ಸಿಟ್ಟು ಬಂತು. "ಅಂಥವರಿಗೆ ನೀವು ಶಾಪ ಹಾಕಲಿಲ್ವಾ ಅತ್ತೆ?" ಎಂದಳು. ಇಲ್ಲ ಎಂದೆ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಯಾಕೆಂದರೆ ಕ್ಷಮಿಸಿಲ್ಲ. ಹಕೀಮ್ ಸಾಹೇಬರನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಆದರೆ ಅವಳಿಗೆ ಹೇಳದೆ ಉಳಿದದ್ದು ಒಂದಿದೆ. ಪಂಡಿತರು ಹೋದ ಸುದ್ದಿ ಬಂದ ದಿನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಸ್ಕೂಲಿನ ಬಾಗಿಲು ಹಾಕಿಕೊಂಡು ನಾನು ಬಹಳ ಹೊತ್ತು ಅತ್ತಿದ್ದೆ. ಮೋಸ ಮಾಡಿದವರ ಸಲುವಾಗಿ ಅತ್ತರೆ ಕೇಳಿದವರು ನಗುತ್ತಾರೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಅಪ್ಪ ಸತ್ತಾಗ ಅಳಲು ತಿಳಿಯದಷ್ಟು ಚಿಕ್ಕವಳಿದ್ದೆ...